ಅಪ್ಪನ ಸೊಂಟದ ಅಳತೆ

ಅಂಗಡಿಯಿಂದ,
ತಾರೀಖು 14, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ದಾರ,

ಹೇಗಿದ್ದೀಯೋ? ಮಂಡಿ ಹೇಗಿದೆ? ಹಡಗಿನ ಏಣಿ ಹತ್ತುವಾಗ ಕಟಕಟ ಅನ್ನುತ್ತದೆ ಅಂದಿದ್ದೆ. ಡಾಕ್ಟರಿಗೆ ತೋರಿಸೋ ಅಂದರೆ ಇಂಜಿನ್ ರೂಮಿನಲ್ಲಿ ಬೇಕಾದಷ್ಟು ಗ್ರೀಸ್ ಇದೆ ಬಿಡು ಅಂತ ನಕ್ಕೆ. ನಿನ್ನ ತಮಾಷೆಗೇನೂ ಕಡಿಮೆಯಿಲ್ಲ. ಇಪ್ಪತ್ತೆಂಟು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವನು ತಾನು ಸರಿಯಾಗಿ ತಿನ್ನುತ್ತಾನೋ ಇಲ್ಲವೋ ಅಂತ ನಿನ್ನ ಅತ್ತಿಗೆ ವಾರಕ್ಕೊಂದು ಸಲವಾದರೂ ಕೇಳುತ್ತಾಳೆ, ನನಗೇನೋ ಹಡಗಿನ ಅಡುಗೆಮನೆಯಿಂದ ದಿನಾ ವರದಿ ಬರುತ್ತದೆ ಎನ್ನುವ ಹಾಗೆ. ಹೊಟ್ಟೆ ಬಂದಿದೆಯೇನೋ? ಐವತ್ತಾರಕ್ಕೆ ಸ್ವಲ್ಪ ಬಂದಿದ್ದರೆ ಒಳ್ಳೆಯದು. ಅಪ್ಪ ನಿನ್ನನ್ನು ದಾರ ಅಂತ, ಉರುಟಾಗಿದ್ದ ನನ್ನನ್ನು ಗುಂಡಿ ಅಂತ ಕರೆದು ಐವತ್ತು ವರ್ಷ ಆಯಿತು. ಈಗ ಕನ್ನಡಿ ನೋಡಿಕೊಂಡರೆ ದಾರ ನಾನೇ ಆಗುತ್ತಿದ್ದೇನೆ ಅನ್ನಿಸುತ್ತದೆ.

ಅಣ್ಣ ಫೋನ್ ಬಿಟ್ಟು ಕಾಗದ ಬರೆದಿದ್ದಾನೆ ಅಂದ ಕೂಡಲೇ ನಿನಗೆ ಏನೋ ಆಗಿದೆ ಅಂತ ಗೊತ್ತಾಗಿರುತ್ತದೆ. ಫೋನಿನಲ್ಲಿ ಹೇಳಲು ಎರಡು ಸಲ ಹೊರಟೆ ಕಣೋ. ನೀನು ‘ಅಣ್ಣಾ, ಎಲ್ಲ ಚೆನ್ನಾಗಿದೀರಾ?’ ಅಂದ ತಕ್ಷಣ ನನ್ನ ಬಾಯಿ ನನ್ನನ್ನು ಕೇಳದೆಯೇ ‘ಚೆನ್ನಾಗಿದೀವಿ ಕಣೋ’ ಅಂದುಬಿಟ್ಟಿತು. ಅಷ್ಟರಲ್ಲಿ ಲೈನ್ ಕಟ್ಟಾಯಿತು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ವಿಷಯ ಇಷ್ಟು: ನಾಡಿದ್ದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನನಗೆ ಬಯಾಪ್ಸಿ ಇದೆ. ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತದಂತೆ, ಗಂಡಸರಿಗೆ ಮಾತ್ರ. ಅದಕ್ಕೆ ಹನ್ನೆರಡು ಕಡೆ ಸೂಜಿ ಹಾಕಿ, ನೂಲಿನಷ್ಟು ಸಣ್ಣ ಚೂರುಗಳನ್ನು ತೆಗೆದು, ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ನೋಡುತ್ತಾರೆ. ನನಗೆ ಭಯವಾಗುತ್ತಿದೆ. ಇದರ ಜೊತೆಗೆ ಅಪ್ಪನ ವಿಷಯ ಒಂದಿದೆ, ಒಂಬತ್ತು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡದ್ದು. ಅದನ್ನು ಹೇಳುವುದು ಇನ್ನೂ ಕಷ್ಟ. ಅದಕ್ಕೇ ಮೊದಲು ನನ್ನ ಕಾಯಿಲೆಯ ಕತೆ ಮುಗಿಸುತ್ತೇನೆ.

ಶುರುವಾದದ್ದು ಏಳೆಂಟು ತಿಂಗಳ ಹಿಂದೆ. ಗಿರಾಕಿಯ ಭುಜದ ಅಳತೆ ತೆಗೆದು ತೋಳಿಗೆ ಬರುವಷ್ಟರಲ್ಲಿ ಟೇಪನ್ನು ಅವರ ಕೈಗೇ ಕೊಟ್ಟು ಓಡಬೇಕು. ಹೋದರೆ ಹನಿ ಹನಿ. ವಾಪಸ್ ಬಂದು ಕತ್ತರಿ ಹಿಡಿದರೆ ಮತ್ತೆ ಅವಸರ. ಪಕ್ಕದ ಚಪ್ಪಲಿ ಅಂಗಡಿಯವನು ‘ಟೈಲರಣ್ಣಾ, ನಮ್ಮ ಟಾಯ್ಲೆಟ್ಟಿಗೆ ತಿಂಗಳ ಪಾಸ್ ಮಾಡಿಸ್ಕೊಂಬಿಡಿ’ ಅಂತ ರೇಗಿಸಿದ. ನಾನೂ ನಕ್ಕೆ. ವಯಸ್ಸಾಯಿತು, ಎಲ್ಲರಿಗೂ ಆಗುವುದೇ ಅಂದುಕೊಂಡೆ. ನಿನ್ನ ಅತ್ತಿಗೆ ಮಾತ್ರ ಅಂದುಕೊಳ್ಳಲಿಲ್ಲ. ಒಂದು ದಿನ ಅಂಗಡಿಗೇ ಬಂದು, ನಾನು ಹೊಲಿಯುತ್ತಿದ್ದ ಕೋಟನ್ನು ಮಿಷನ್ನಿನಿಂದ ಬಿಡಿಸಿ ಮಡಿಸಿಟ್ಟು, ‘ಏಳಿ ರೀ, ಡಾಕ್ಟರ ಹತ್ರ ಹೋಗೋಣ’ ಅಂದಳು. ಗಿರಾಕಿಗಳ ಎದುರಿಗೆ. ಎದ್ದೆ, ಬೇರೆ ದಾರಿ ಇರಲಿಲ್ಲ.

ಈ ಗ್ರಂಥಿಗೇ ಅಂತ ಮಾಡುವ ರಕ್ತ ಪರೀಕ್ಷೆಯಲ್ಲಿ ನಾಲ್ಕರೊಳಗೆ ಇರಬೇಕಾದದ್ದು ಹನ್ನೊಂದು ಬಂತು. ಆಮೇಲೆ ಡಾಕ್ಟರು ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿ, ಮಂಡಿ ಮಡಚಿಸಿ, ಬೆರಳು ಹಾಕಿ ನೋಡಿದರು. ಹಾಗೆ ನೋಡುವಾಗ ಅವರು ಕೇಳಿದ ಪ್ರಶ್ನೆ ಏನು ಗೊತ್ತಾ? ‘ಎಷ್ಟು ವರ್ಷದಿಂದ ಟೈಲರಿಂಗ್ ಮಾಡ್ತಿದೀರಿ?’ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನಲವತ್ತು ವರ್ಷ ನಾನು ಮಾಡಿಕೊಂಡು ಬಂದದ್ದೂ ಅದನ್ನೇ ಅಲ್ಲವೇನೋ! ಪ್ಯಾಂಟಿನ ಒಳಗಾಲಿನ ಅಳತೆ ತೆಗೆಯುವಾಗ ಗಿರಾಕಿಗೆ ಮುಜುಗರವಾಗದಿರಲಿ ಅಂತ ಎಲ್ಲೋ ನೋಡಿಕೊಂಡು, ‘ಏನು ಕೆಲಸ ಮಾಡ್ತಿದೀರಿ, ಮಕ್ಕಳೆಷ್ಟು’ ಅಂತ ಕೇಳು ಅಂತ ಅಪ್ಪನೇ ಕಲಿಸಿದ್ದರು. ‘ನಲವತ್ತು ವರ್ಷ ಸರ್’ ಅಂದೆ, ಗೋಡೆಗೆ. ಡಾಕ್ಟರು ಕೈಗವಸು ಬಿಚ್ಚಿ, ಒಂದು ಕಡೆ ಗಟ್ಟಿಯಾಗಿದೆ, ಬಯಾಪ್ಸಿ ಮಾಡಲೇಬೇಕು ಅಂದರು.

ಅಂದಿನಿಂದ ನನ್ನ ತಲೆ ನನ್ನ ಹತ್ತಿರ ಇಲ್ಲ. ಮೊನ್ನೆ ಒಬ್ಬ ಮದುಮಗನ ಕೋಟಿಗೆ ಎರಡೂ ಎಡತೋಳು ಕತ್ತರಿಸಿಬಿಟ್ಟೆ. ಆಸ್ಪತ್ರೆಯ ಕಾಯುವ ಬೆಂಚಿನಲ್ಲಿ ಒಬ್ಬ ರಿಟೈರಾದ ಬಸ್ ಕಂಡಕ್ಟರು ಸಿಕ್ಕಿದ್ದರು, ಆರು ತಿಂಗಳ ಹಿಂದೆ ಇದೇ ಪರೀಕ್ಷೆ ಮಾಡಿಸಿಕೊಂಡವರು. ಏನೂ ಇಲ್ಲ ಸ್ವಾಮಿ, ಟಿಕೆಟ್ ಪಂಚ್ ಮಾಡಿದ ಹಾಗೆ ಟಕ್ ಅನ್ನುತ್ತದೆ, ಹನ್ನೆರಡು ಟಕ್ ಎಣಿಸಿದರೆ ಸ್ಟಾಪ್ ಬಂತು, ಇಳಿದುಬಿಡಿ ಅಂದರು. ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರಂತೆ. ನಾಲ್ಕೈದು ದಿನ ಮೂತ್ರದಲ್ಲಿ ರಕ್ತ ಬಂದರೆ ಹೆದರಬಾರದಂತೆ. ಜ್ವರ, ಚಳಿ ಬಂದರೆ ಮಾತ್ರ ಹೊತ್ತು ಗೊತ್ತು ನೋಡದೆ ಓಡಿ ಬರಬೇಕಂತೆ. ಅವರಿಗೆ ಏನೂ ಸಿಗಲಿಲ್ಲವಂತೆ, ಸುಮ್ಮನೆ ಊತ. ಅದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು ಕಣೋ. ಇಂಥ ಮನುಷ್ಯ ನಾನು, ನೋಡು.

ನೋವಿನ ಭಯ ನನಗೆ ಅಷ್ಟಿಲ್ಲ. ದಿನಾ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವವನು. ಆದರೆ ಹೌದು ಅಂತ ಬಂದರೆ? ಆಪರೇಷನ್ ಆದಮೇಲೆ ಒಳಚಡ್ಡಿಯಲ್ಲಿ ಪ್ಯಾಡ್ ಇಟ್ಟುಕೊಂಡು ಓಡಾಡಬೇಕಾದರೆ? ಗಂಡನಾಗಿ ಯಾವುದಕ್ಕೂ ಬಾರದವನಾದರೆ? ಇದನ್ನು ತಮ್ಮನಿಗೆ ಬರೆಯಬಾರದು, ಆದರೆ ಇನ್ಯಾರಿಗೆ ಬರೆಯಲಿ. ನಿನ್ನ ಅತ್ತಿಗೆಗೆ ಸುತ್ತಿ ಬಳಸಿ ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದವಳು ತಿರುಗಿಯೂ ನೋಡದೆ, ‘ಬೆಳಿಗ್ಗೆ ಎದ್ದು ಟೀ ಸರಿಯಿಲ್ಲ ಅಂತ ಬೈಯೋಕೆ ಒಬ್ರು ಇದ್ರೆ ಸಾಕು ನಂಗೆ’ ಅಂದಳು. ಆಮೇಲೆ ಅದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ.

ಈಗ ಅಪ್ಪನ ವಿಷಯ. ಹೋದ ಶುಕ್ರವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹೋಗಿದ್ದೆವು. ನರ್ಸ್ ಒಂದು ಫಾರಂ ಇಟ್ಟುಕೊಂಡು ಗಡಗಡ ಕೇಳುತ್ತಾ ಹೋದಳು. ಸಕ್ಕರೆ ಕಾಯಿಲೆ? ಇಲ್ಲ. ರಕ್ತ ತೆಳುವಾಗುವ ಮಾತ್ರೆ? ಇಲ್ಲ. ತಂದೆಗೆ, ಅಣ್ಣತಮ್ಮಂದಿರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ? ಅದೇ ಓಟದಲ್ಲಿ ‘ಇಲ್ಲ’ ಅಂದೆ. ನಿನ್ನ ಅತ್ತಿಗೆ ನನ್ನ ಮುಖ ನೋಡಿದಳು. ಬಸ್ ಸ್ಟಾಪಿನ ತನಕ ಬಂದಮೇಲೆ ನಿಂತುಕೊಂಡಳು. ‘ಡಾಕ್ಟರಿಗೂ ಸುಳ್ಳಾ? ಇನ್ನೂ ಎಷ್ಟು ಜನಕ್ಕೆ ರೀ?’ ಅಂದಳು. ಬಸ್ಸು ಬಂದು ಹೋಯಿತು. ಇಬ್ಬರೂ ವಾಪಸ್ ನಡೆದೆವು. ಹೌದು, ತಂದೆಗೆ ಇತ್ತು, ಅದರಿಂದಲೇ ಹೋದರು ಅಂತ ಹೇಳಿದೆ. ನರ್ಸ್ ಡಾಕ್ಟರನ್ನು ಕರೆದಳು. ಅವರು ನನ್ನ ಬಗ್ಗೆ ಏನೂ ಕೇಳಲಿಲ್ಲ. ‘ನಿಮಗೆ ತಮ್ಮ ಇದಾರಾ?’ ಅಂತ ಕೇಳಿದರು. ಇದ್ದಾನೆ, ಹಡಗಿನಲ್ಲಿ ಅಡುಗೆಯವನು ಅಂದೆ. ‘ಹಾಗಾದ್ರೆ ಅವರಿಗೆ ಮೊದ್ಲು ತಿಳಿಸಿ. ಅಪ್ಪನಿಗೆ ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿ’ ಅಂದರು.

ದಾರ, ಅಪ್ಪ ಹಾರ್ಟ್ ಅಟ್ಯಾಕಿನಿಂದ ಹೋಗಲಿಲ್ಲ. ನೀನು ಸಿಕ್ಕಿದಾಗಲೆಲ್ಲ, ಸದ್ಯ ಅಪ್ಪ ನರಳಲಿಲ್ಲ, ಮಲಗಿದಲ್ಲೇ ಹೋದರು ಅಂತ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ಹೂಂಗುಟ್ಟುತ್ತಿದ್ದೆ. ಅಪ್ಪ ನರಳಿದರು ಕಣೋ. ಇದೇ ಕಾಯಿಲೆ. ಹೋಗುವುದಕ್ಕೆ ಎರಡು ವರ್ಷ ಮುಂಚೆ ಡಾಕ್ಟರು ಬಯಾಪ್ಸಿ ಮಾಡಿಸಿ ಅಂದಿದ್ದರು. ಅಪ್ಪ ಒಪ್ಪಲಿಲ್ಲ. ಒಂದು ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಬೆನ್ನುನೋವು ಅಂದರು. ನೋಡಿದರೆ ಮೂಳೆಗೆ ಹೋಗಿತ್ತು. ಕೊನೆಕೊನೆಗೆ ಮಂಚದಲ್ಲಿ ಮಗ್ಗುಲಾಗಬೇಕಾದರೂ ನಾನೂ ನಿನ್ನ ಅತ್ತಿಗೆಯೂ ಹಿಡಿಯಬೇಕಿತ್ತು. ನಿನಗೆ ಹೇಳಬೇಡ ಅಂದದ್ದು ಅಪ್ಪನೇ. ‘ಅವನು ನೀರಿನ ಮೇಲೆ ಇರೋನು. ಅಲ್ಲಿಂದ ಓಡಿ ಬರೋಕೂ ಆಗಲ್ಲ, ಅಲ್ಲಿ ನೆಮ್ಮದಿಯಾಗಿ ಇರೋಕೂ ಆಗಲ್ಲ. ಬೇಡ’ ಅಂದರು. ನಾನು ಹೂಂ ಅಂದೆ.

ಆದರೆ ನೀನು ನಡುವೆ ಒಂದು ಸಲ ಬಂದಿದ್ದೆಯಲ್ಲ, ಒಂಬತ್ತು ದಿನ ಇದ್ದು ಹೋದೆಯಲ್ಲ, ಆಗಲೂ ಗೊತ್ತಾಗಲಿಲ್ಲವಲ್ಲ ಅಂತ ನಿನ್ನನ್ನು ನೀನು ಬೈದುಕೊಳ್ಳಬಹುದು. ಬೈದುಕೊಳ್ಳಬೇಡ. ಅದು ನಿನ್ನ ಕಣ್ಣಿನ ತಪ್ಪಲ್ಲ, ನನ್ನ ಕೈಕೆಲಸ. ಬಟ್ಟೆ ಸಡಿಲವಾದರೆ ತಾನೇ ಮನುಷ್ಯ ಇಳಿದಿದ್ದಾನೆ ಅಂತ ನೋಡುವವರಿಗೆ ತಿಳಿಯುವುದು? ಅಪ್ಪ ಹದಿನೈದು ದಿನಕ್ಕೊಮ್ಮೆ ಪ್ಯಾಂಟು ತಂದು ಮೇಜಿನ ಮೇಲಿಟ್ಟು, ‘ಸ್ವಲ್ಪ ಹಿಡಿ’ ಅನ್ನುತ್ತಿದ್ದರು. ಹಿಂದಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಒಳಗೆ ಹಿಡಿದು ಹೊಲಿಯುತ್ತಿದ್ದೆ. ಅಳತೆ ಪುಸ್ತಕದಲ್ಲಿ ಅಪ್ಪನ ಪುಟ ಇನ್ನೂ ಇದೆ. ಸೊಂಟ ಮೂವತ್ತಾರು ಇದ್ದದ್ದು ಮೂವತ್ತೈದಾಯಿತು, ಮೂವತ್ತನಾಲ್ಕಾಯಿತು, ಕೊನೆಗೆ ಇಪ್ಪತ್ತೊಂಬತ್ತೂವರೆ. ಒಂದೊಂದನ್ನು ಹೊಡೆದು ಅದರ ಪಕ್ಕ ಇನ್ನೊಂದು, ಎಲ್ಲವೂ ನನ್ನ ಕೈಬರಹ.

ನೀನು ಬರುತ್ತೀಯ ಅಂತ ಗೊತ್ತಾದಾಗ ವಾರವಿಡೀ ಅಪ್ಪನ ಬಟ್ಟೆ ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ನಾಲ್ಕು ಪ್ಯಾಂಟು, ಐದು ಷರ್ಟು, ಆ ಬೂದು ಕೋಟು. ಕತ್ತು ಸಣ್ಣಗಾಗಿ ಕಾಲರಿನೊಳಗೆ ಎರಡು ಬೆರಳು ಹೋಗುತ್ತಿತ್ತು, ಕಾಲರ್ ಬಿಚ್ಚಿ ಕತ್ತರಿಸಿ ಕೂರಿಸಿದೆ. ಕೋಟಿನ ಭುಜಕ್ಕೆ ಎರಡು ಪದರ ಹತ್ತಿ ಹಾಕಿದೆ. ಅಪ್ಪ ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತು, ಆ ಕಡೆ ತಿರುಗಿ ಈ ಕಡೆ ತಿರುಗಿ, ಬೇರೆಯವರ ಹೊಲಿಗೆಯನ್ನು ನೋಡುವ ಹಾಗೆ ನೋಡಿದರು. ‘ಎಡಗಡೆ ಸ್ವಲ್ಪ ಎಳೀತಿದೆ’ ಅಂದರು. ಮತ್ತೆ ಬಿಚ್ಚಿಸಿ ಸರಿಮಾಡಿಸಿದರು. ಜೀವನದಲ್ಲಿ ನಾನು ಹೊಲಿದದ್ದರಲ್ಲೆಲ್ಲ ಒಳ್ಳೆಯ ಕೆಲಸ ಅದು. ನೀನು ಬಂದು ಬಾಗಿಲಲ್ಲೇ ‘ಅಣ್ಣಾ, ಅಪ್ಪ ನನಗಿಂತ ಗಟ್ಟಿಯಾಗಿದಾರಲ್ಲೋ’ ಅಂದೆ. ಅಪ್ಪ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ನಿನ್ನನ್ನು ಅಪ್ಪಿಕೊಳ್ಳಲು ಬಿಡಲಿಲ್ಲ, ಜ್ಞಾಪಕ ಇದೆಯಾ? ಬೆವರು, ಬೇಡ ಅಂದರು. ಅಪ್ಪಿಕೊಂಡಿದ್ದರೆ ಹತ್ತಿ ಕೈಗೆ ಸಿಗುತ್ತಿತ್ತು. ನೀನು ಹೋದ ದಿನ ಅಪ್ಪ ಕೋಟು ಬಿಚ್ಚಿ ಕೊಟ್ಟು ಮಲಗಿದವರು ಆಮೇಲೆ ಅಂಗಡಿಗೆ ಬರಲಿಲ್ಲ. ಐದು ತಿಂಗಳಿಗೆ ಹೋದರು. ನಿನಗೆ ಫೋನಿನಲ್ಲಿ ಹಾರ್ಟ್ ಅಂದೆ.

ಒಂಬತ್ತು ವರ್ಷ ಆಯಿತು. ಎಷ್ಟೋ ಸಲ ನಿನ್ನ ಮುಂದೆ ಬಾಯಿ ತೆರೆದು ಮುಚ್ಚಿದ್ದೇನೆ. ಅಪ್ಪನ ಕೊನೆಯ ದಿನಗಳನ್ನು ನಿನ್ನಿಂದ ಕಸಿದುಕೊಂಡೆ. ಒಂದು ಸಲ ಕಾಲು ಒತ್ತುವ ಅವಕಾಶ, ಒಂದು ಚಮಚ ನೀರು ಕುಡಿಸುವ ಅವಕಾಶ, ಅದೂ ನಿನಗೆ ಸಿಗಲಿಲ್ಲ. ಎಲ್ಲವನ್ನೂ ನಾನೇ ಮಾಡಿದೆ, ನಾನೇ ಇಟ್ಟುಕೊಂಡೆ. ಈಗ ಅಪ್ಪ ನೆಮ್ಮದಿಯಾಗಿ ಹೋದರು ಎನ್ನುವ ಒಂದು ಸಮಾಧಾನ ಉಳಿದಿತ್ತು, ಅದನ್ನೂ ಕಿತ್ತುಕೊಂಡೆ. ಕೋಪ ಮಾಡಿಕೋ. ಎಷ್ಟು ಬೇಕಾದರೂ ಬೈದು ಬರೆ. ಮಾತು ಬಿಡಬೇಡ, ಅಷ್ಟೇ. ನನಗೆ ಇನ್ನು ಎಷ್ಟು ಕಾಲ ಇದೆಯೋ ಗೊತ್ತಿಲ್ಲ. ಅದರಲ್ಲಿ ನೀನು ಮಾತಾಡದೆ ಇರುವ ಕಾಲ ಸೇರುವುದು ಬೇಡ.

ಗುರುವಾರ ನಿನ್ನ ಅತ್ತಿಗೆ ಜೊತೆಗಿರುತ್ತಾಳೆ. ರಿಪೋರ್ಟು ಬರಲು ಹತ್ತು ದಿನವಂತೆ. ಅಂಗಡಿಗೆ ಮೂರು ದಿನ ರಜೆ ಹಾಕಿ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಕಾರಣ ಬರೆದಿಲ್ಲ, ಮದುವೆಗೆ ಹೋಗಿದ್ದಾರೆ ಅಂದುಕೊಳ್ಳಲಿ. ಹಡಗಿನಲ್ಲಿ ಬಿಸಿ ಎಣ್ಣೆಯ ಮುಂದೆ ಜೋಪಾನ. ಮಂಡಿಗೆ ಬಟ್ಟೆ ಸುತ್ತಿಕೋ. ಹೊತ್ತಿಗೆ ಸರಿಯಾಗಿ ತಿನ್ನು. ನೀನು ನೂರು ಕಾಲ ಚೆನ್ನಾಗಿರಬೇಕು ಕಣೋ, ನಿನ್ನ ಅತ್ತಿಗೆಯೂ ನಾನೂ ಬಯಸುವುದು ಅದೊಂದನ್ನೇ.

ನಿನ್ನ ಅಣ್ಣ,
ಗುಂಡಿ

ಮರೆತಿದ್ದು: ಬುಧವಾರ, ಅಂಚೆ ಕಚೇರಿಯ ಬೆಂಚಿನಿಂದ. ಮೇಲಿನದನ್ನೆಲ್ಲ ನಿನ್ನ ಅತ್ತಿಗೆ ಓದಿ, ಸರಿಯಾಗಿದೆ, ಹಾಕಿಬಿಡಿ ಅಂದಿದ್ದಾಳೆ. ಇದನ್ನು ಅವಳು ಓದಿಲ್ಲ. ಮರೆತಿದ್ದು ಅಂತ ಬರೆದೆ, ಮರೆತದ್ದೇನೂ ಅಲ್ಲ. ಅಪ್ಪ ಬಯಾಪ್ಸಿಗೆ ಒಪ್ಪಲಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಅಪ್ಪ ಒಪ್ಪಿದ್ದರು. ಆ ದಿನ ಬೆಳಿಗ್ಗೆ ಏಳಕ್ಕೇ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಶೂ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಹಿಂದಿನ ದಿನ ಒಬ್ಬ ಗಿರಾಕಿ, ಅಲ್ಲಿಗೆ ಸೂಜಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ, ನಮ್ಮ ಭಾವ ಹಾಗೇ ಹೋದರು ಅಂದಿದ್ದ. ನಾನು ಹೆದರಿಬಿಟ್ಟೆ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಮೊನ್ನೆ ಕೇಳಿದೆ, ಹಾಗೆಲ್ಲ ಹರಡುವುದಿಲ್ಲ, ಅದು ಜನರ ಮಾತು ಅಂದರು. ಅವತ್ತು ಅಪ್ಪನ ಹತ್ತಿರ ಹೋಗಿ, ‘ಆಸ್ಪತ್ರೆಯಿಂದ ಫೋನ್ ಬಂದಿತ್ತು, ರಿಪೋರ್ಟ್ ಮತ್ತೆ ನೋಡಿದ್ರಂತೆ, ಬೇಕಾಗಿಲ್ವಂತೆ’ ಅಂದೆ. ಅಪ್ಪ ನಂಬಿದರು. ಎಷ್ಟು ಖುಷಿಯಾಯಿತೋ ಅವರಿಗೆ, ಅದೇ ಶೂನಲ್ಲಿ ಅಂಗಡಿಗೆ ಹೋಗಿ ಸಂಜೆಯತನಕ ಹೊಲಿದರು. ವರ್ಷದ ಮೇಲೆ ಬೆನ್ನುನೋವಿಗೆ ಹೋದಾಗ ಡಾಕ್ಟರು ನಮ್ಮಿಬ್ಬರ ಎದುರಿಗೇ ‘ಅವತ್ತು ಯಾಕೆ ಬರಲಿಲ್ಲ, ನಾವು ಕಾದಿದ್ವಿ’ ಅಂತ ಕೇಳಿದರು. ಅಪ್ಪ ನನ್ನನ್ನು ನೋಡಿದರು. ತುಂಬ ಹೊತ್ತೇನೂ ಅಲ್ಲ. ಆಮೇಲೆ ಡಾಕ್ಟರ ಕಡೆ ತಿರುಗಿ, ‘ನಾನೇ ಬೇಡ ಅಂದೆ ಸಾರ್, ಭಯ ಆಯ್ತು’ ಅಂದರು. ಸಾಯುವ ತನಕ ಆ ಮಾತು ಮತ್ತೆ ಎತ್ತಲಿಲ್ಲ. ಕೌಂಟರ್ ಮುಚ್ಚುತ್ತಿದ್ದಾರೆ. ದಾರ, ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ರಕ್ತ ಪರೀಕ್ಷೆ ಮಾಡಿಸು. ಡಾಕ್ಟರು ಸೂಜಿ ಹಾಕಬೇಕು ಅಂದರೆ ಹಾಕಿಸಿಕೋ. ನನ್ನನ್ನು ಕೇಳಬೇಡ.